ನೀಲಾಂಜನೆಯ ನೃತ್ಯ ಮತ್ತು ಬೆಳಕಿನ ಕೋಣೆ

ಚಿತ್ರವನ್ನು ಗೋಡೆಗೆ ತೂಗುಹಾಕುವುದು, ನೋಡುವವನು ಅದರ ಎದುರು ನಿಲ್ಲುವುದು ಹಳೆಯ ಪದ್ಧತಿ. ಚಿತ್ರವನ್ನೇ ಬೆಳಕಾಗಿ ಮಾಡಿ, ನಾಲ್ಕು ಗೋಡೆಗಳ ಮೇಲೂ ನೆಲದ ಮೇಲೂ ಹರಿಯಬಿಟ್ಟು, ನೋಡುವವನನ್ನು ಅದರ ನಡುವೆ ನಿಲ್ಲಿಸುವುದು ಹೊಸ ಪದ್ಧತಿ. ಸಂಘಟಕರು ಇದನ್ನು ‘ಇಮ್ಮರ್ಸಿವ್’ ಪ್ರದರ್ಶನವೆಂದು ಕರೆಯುತ್ತಾರೆ. ನೋಡುಗನನ್ನು ಮುಳುಗಿಸುವುದು ಎಂದು ಆ ಪದದ ಅರ್ಥ. ದಕ್ಷಿಣ ಫ್ರಾನ್ಸಿನ ಲೆ ಬೋ ಎಂಬ ಊರಿನ ಹಳೆಯ ಸುಣ್ಣಕಲ್ಲಿನ ಗಣಿಯೊಳಗೆ 1977ರಷ್ಟು ಹಿಂದೆಯೇ ಇಂತಹ ಬೆಳಕಿನ ಚಿತ್ರಗಳ ಪ್ರಯೋಗ ನಡೆಯಿತು. 2018ರಲ್ಲಿ ಪ್ಯಾರಿಸ್ಸಿನ ಹಳೆಯ ಎರಕದ ಕಾರ್ಖಾನೆಯೊಂದು ಇದೇ ಉದ್ದೇಶಕ್ಕೆ ಸಜ್ಜಾಯಿತು. 2023ರ ಜನವರಿಯಲ್ಲಿ ಡಚ್ ಚಿತ್ರಕಾರ ವ್ಯಾನ್ ಗೋ ಅವರ ಕೃತಿಗಳನ್ನು ಆಧರಿಸಿದ ಇಂತಹ ಪ್ರದರ್ಶನ ಮುಂಬಯಿಗೂ ಬಂದಿತು.

ವ್ಯಾಪಾರ ನಿಮಿತ್ತ ಮುಂಬಯಿಗೆ ಹೋಗಿಬರುವವರು ಜೈನ ಸಮಾಜದಲ್ಲಿ ಕಡಿಮೆಯೇನಲ್ಲ. ಅಲ್ಲಿ ಕಂಡದ್ದು ಇಲ್ಲಿಯ ಬಸದಿಯ ಟ್ರಸ್ಟಿನ ಸಭೆಯಲ್ಲಿ ಪ್ರಸ್ತಾಪವಾಗಲು ಬಹಳ ದಿನಗಳೂ ಬೇಕಾಗುವುದಿಲ್ಲ. ತೀರ್ಥಂಕರರ ಪಂಚಕಲ್ಯಾಣಗಳನ್ನು ಇದೇ ರೀತಿ ಬೆಳಕಿನ ಕೋಣೆಯಲ್ಲಿ ತೋರಿಸಿದರೆ ಬಸದಿಯಿಂದ ದೂರ ಸರಿದಿರುವ ಯುವಜನರನ್ನು ಮರಳಿ ಸೆಳೆಯಬಹುದು ಎಂಬ ವಾದ ಆಗಾಗ ಕೇಳಿಬರುತ್ತದೆ. ಈ ವಾದದ ಹಿಂದಿರುವ ಕಳಕಳಿ ಪ್ರಾಮಾಣಿಕವಾದುದು. ಭಾನುವಾರದ ಪೂಜೆಗೆ ಕೈಬೆರಳಲ್ಲಿ ಎಣಿಸುವಷ್ಟು ಜನ ಸೇರುವ ಬಸದಿಗಳ ಆಡಳಿತ ಮಂಡಳಿಗಳು ಹೊಸ ದಾರಿಗಳನ್ನು ಯೋಚಿಸುವುದು ತಪ್ಪಲ್ಲ. ಆದರೆ ಶ್ರಾವಕರು ಭಕ್ತಿಯಿಂದ ಸಲ್ಲಿಸಿದ ದ್ರವ್ಯವನ್ನು ತೊಡಗಿಸುವ ಮುನ್ನ, ಈ ಬಗೆಯ ಕಲೆ ನೋಡುವವನ ಮನಸ್ಸಿನ ಮೇಲೆ ಎಂತಹ ಪರಿಣಾಮ ಬೀರುತ್ತದೆ ಎಂಬುದನ್ನು ವಿಚಾರಿಸಿ ನೋಡಬೇಕು. ವೆಚ್ಚದ ಪ್ರಶ್ನೆ ಅನಂತರದ್ದು.

ಮೊದಲು ಅದರ ಗುಣವನ್ನು ಹೇಳುವುದು ನ್ಯಾಯ. ಆಮ್‌ಸ್ಟರ್‌ಡ್ಯಾಮಿಗಾಗಲಿ ನ್ಯೂಯಾರ್ಕಿಗಾಗಲಿ ಹೋಗಲಾರದ ಅಸಂಖ್ಯಾತ ಜನರಿಗೆ ವ್ಯಾನ್ ಗೋ ಎಂಬ ಹೆಸರು ಈ ಪ್ರದರ್ಶನಗಳಿಂದ ಪರಿಚಯವಾಗಿದೆ. ಚಿತ್ರಶಾಲೆಯ ಗಾಂಭೀರ್ಯಕ್ಕೆ ಅಂಜುವ ಮಕ್ಕಳು ಇಲ್ಲಿ ಅಂಜುವುದಿಲ್ಲ. ಗಾಲಿಕುರ್ಚಿಯಲ್ಲಿ ಬಂದ ವೃದ್ಧರಿಗೂ ಎಲ್ಲ ಕಡೆಯೂ ಕಾಣುತ್ತದೆ. ಇದು ಸಣ್ಣ ಉಪಕಾರವಲ್ಲ.

ಆದರೆ ಅಲ್ಲಿ ಕಾಣುವುದು ಏನು? ವ್ಯಾನ್ ಗೋ 1889ರಲ್ಲಿ ಬರೆದ, ನಕ್ಷತ್ರಗಳು ತುಂಬಿದ ಇರುಳಿನ ಪ್ರಸಿದ್ಧ ಚಿತ್ರ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ. ಅದರ ಎತ್ತರ ಸುಮಾರು 74 ಸೆಂಟಿಮೀಟರು, ಅಗಲ 92 ಸೆಂಟಿಮೀಟರು. ಅಂಗಡಿಯ ಗಲ್ಲಾದ ಹಿಂದೆ ತೂಗುಹಾಕುವ ದೊಡ್ಡ ಕ್ಯಾಲೆಂಡರಿಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ಬಣ್ಣವನ್ನು ದಪ್ಪವಾಗಿ ಬಳಿದ ಆ ಸಣ್ಣ ಬಟ್ಟೆಯ ಮೇಲೆ, ಚಿಕಿತ್ಸಾಲಯದಲ್ಲಿದ್ದ ಮನುಷ್ಯನೊಬ್ಬ ತನ್ನೊಳಗಿನ ಸುಳಿಯನ್ನು ತಡೆದು ನಿಲ್ಲಿಸಿದ್ದಾನೆ. ಬೆಳಕಿನ ಕೋಣೆಯಲ್ಲಿ ಅದೇ ನಕ್ಷತ್ರ ಗಾಡಿಯ ಚಕ್ರದಷ್ಟಾಗಿ, ವಾದ್ಯಸಂಗೀತದ ಲಯಕ್ಕೆ ಗಿರಗಿರನೆ ತಿರುಗುತ್ತದೆ. ಕುಂಚದ ಗುರುತಿನ ಉಬ್ಬುತಗ್ಗು ಬೆಳಕಿನಲ್ಲಿ ಇರಲು ಸಾಧ್ಯವಿಲ್ಲ. ಚಿತ್ರಗಳನ್ನು ಮಾರಿ ಬದುಕಲಾರದೆ ಸಹೋದರನ ನೆರವಿನಿಂದ ದಿನ ಕಳೆದು, ಮೂವತ್ತೇಳನೆಯ ವಯಸ್ಸಿಗೆ, 1890ರಲ್ಲಿ ತೀರಿಕೊಂಡವನ ಸಂಕಟ ಅಲ್ಲಿ ಒಂದು ಸಂಜೆಯ ಹಿತವಾದ ಅನುಭವವಾಗಿಬಿಡುತ್ತದೆ. ಇನ್ನೊಬ್ಬನ ನೋವಿನ ನಡುವೆ ನಿಂತು ತನ್ನದೇ ಭಾವಚಿತ್ರ ತೆಗೆದುಕೊಳ್ಳುವವರಲ್ಲಿ ಕ್ರೌರ್ಯವೇನೂ ಇಲ್ಲ, ನಿಜ. ಅಲ್ಲಿರುವುದು ಎಚ್ಚರವಿಲ್ಲದಿರುವಿಕೆ. ಉಮಾಸ್ವಾತಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮುಂದಿಟ್ಟಿರುವುದನ್ನು ಇಲ್ಲಿ ನೆನೆಯಬಹುದು.

ಈ ವಿಷಯ ಬರಿಯ ತರ್ಕವಾಗಿ ಉಳಿಯದೆ ಕಣ್ಣೆದುರು ಬಂದದ್ದು ಕಡೂರು, ತರೀಕೆರೆ, ಅಜ್ಜಂಪುರಗಳ ಆರು ಮಂದಿ ಗೆಳೆಯರು ಒಂದು ದಿನದ ಮಟ್ಟಿಗೆ ಅಮೃತಾಪುರಕ್ಕೆ ಹೋಗಿಬಂದಾಗ. ಎಲ್ಲರೂ ಅಡಕೆ, ಕೊಬ್ಬರಿ, ಜವಳಿ ವ್ಯಾಪಾರದಲ್ಲಿ ಕೂದಲು ನರೆತವರು. ಅಜ್ಜಂಪುರದವರೊಬ್ಬರು ಮಗನ ಮನೆಗೆ ಹೋಗಿದ್ದಾಗ ಮುಂಬಯಿಯ ಪ್ರದರ್ಶನವನ್ನು ನೋಡಿ ಬಂದಿದ್ದರು, ಅದನ್ನು ಮರೆಯಲಾರದೆ ಇದ್ದರು. ಉಳಿದವರಿಗೆ ಅವರ ವರ್ಣನೆ ಕೇಳಿ ಕೇಳಿ ಸಾಕಾಗಿತ್ತು. ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸುವ ನಿಯಮದವರಾದುದರಿಂದ ಬುತ್ತಿ ಕಟ್ಟಿಕೊಂಡು ಬೆಳಿಗ್ಗೆಯೇ ಹೊರಟರು.

ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿರುವ ಅಮೃತೇಶ್ವರ ದೇವಾಲಯ 1196ರದು. ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕನಾಗಿದ್ದ ಅಮೃತೇಶ್ವರ ದಂಡನಾಯಕ ಇದನ್ನು ಕಟ್ಟಿಸಿದನು. ಬೇಲೂರು, ಹಳೇಬೀಡುಗಳ ಜನಜಂಗುಳಿ ಇಲ್ಲಿಲ್ಲ. ತೆರೆದ ಮಂಟಪದ ಹೊರಗೋಡೆಯನ್ನು ಸುತ್ತುವರಿದು 140 ಫಲಕಗಳಲ್ಲಿ ಕಥೆ ಕೆತ್ತಲಾಗಿದೆ. ದಕ್ಷಿಣದ ಕಡೆ 70 ಫಲಕಗಳಲ್ಲಿ ರಾಮಾಯಣ, ಉತ್ತರದ ಕಡೆ 25ರಲ್ಲಿ ಕೃಷ್ಣನ ಬಾಲಲೀಲೆ ಮೊದಲಾದವು, 45ರಲ್ಲಿ ಮಹಾಭಾರತ. ಇತರ ಹೊಯ್ಸಳ ಗುಡಿಗಳ ಪಟ್ಟಿಕೆಗಳಿಗಿಂತ ಈ ಫಲಕಗಳು ದೊಡ್ಡವು. ಇದರಲ್ಲಿ ಒಂದು ವಿಶೇಷವಿದೆ. ಉತ್ತರದ ಕಥೆಗಳು ಪ್ರದಕ್ಷಿಣಕ್ರಮದಲ್ಲಿ ಸಾಗಿದರೆ, ರಾಮಾಯಣ ಮಾತ್ರ ಅಪ್ರದಕ್ಷಿಣವಾಗಿ ಸಾಗುತ್ತದೆ. ರೂಢಿಯಂತೆ ಬಲಗಡೆಯಿಂದ ಸುತ್ತಲು ಹೊರಟವನಿಗೆ ಕಥೆಯ ಕೊನೆ ಮೊದಲು ಎದುರಾಗುತ್ತದೆ. ಗೆಳೆಯರಿಗೂ ಹಾಗೆಯೇ ಆಯಿತು. ನಾಲ್ಕಾರು ಫಲಕಗಳ ಬಳಿಕ ತರೀಕೆರೆಯವರೊಬ್ಬರು ನಿಂತು, ಕಥೆ ಹಿಂದುಮುಂದಾಗಿದೆಯೆಂದು ಗುರುತಿಸಿದರು. ಎಲ್ಲರೂ ಗೋಡೆಯ ಪಶ್ಚಿಮದ ತುದಿಗೆ ಹೋಗಿ, ಅಲ್ಲಿಂದ ಹಿಂದಿರುಗಿ ಬರುತ್ತ ಒಂದೊಂದನ್ನೇ ಗುರುತಿಸತೊಡಗಿದರು. ಯಾವುದು ಯಾವ ಪ್ರಸಂಗವೆಂದು ವಾಗ್ವಾದವೂ ನಡೆಯಿತು. ಜೈನ ರಾಮಾಯಣಗಳಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ. ನಾಗಚಂದ್ರನ ಕೃತಿಯನ್ನು ಓದಿದ್ದ ಒಬ್ಬರು ಇಲ್ಲಿಯ ಕಥೆ ಎಲ್ಲಿ ಬೇರೆಯಾಗುತ್ತದೆ ಎಂದು ತೋರಿಸುತ್ತ ಬಂದರು.

ಮುಂಬಯಿ ನೋಡಿ ಬಂದಿದ್ದವರು ಆಯಾಸಗೊಂಡು ಜಗತಿಯ ಅಂಚಿನ ಮೇಲೆ ಕುಳಿತು, ‘ಅಲ್ಲಿ ಚಿತ್ರವೇ ನಮ್ಮ ಸುತ್ತ ತಿರುಗುತ್ತಿತ್ತು, ಇಲ್ಲಿ ನಾವೇ ಚಿತ್ರದ ಸುತ್ತ ತಿರುಗಬೇಕಲ್ಲ ಮಾರಾಯರೆ’ ಎಂದರು. ದೂರಿಗಾಗಿ ಹೇಳಿದ ಈ ಮಾತಿಗಿಂತ ಸ್ಪಷ್ಟವಾಗಿ ಎರಡು ಬಗೆಯ ಕಲೆಗಳ ಭೇದವನ್ನು ಹೇಳುವುದು ಕಷ್ಟ. ಅಮೃತಾಪುರವೂ ಮನುಷ್ಯನನ್ನು ಸುತ್ತುವರಿಯುತ್ತದೆ. ಒಳಗಿನ ಮುಚ್ಚಿದ ಮಂಟಪಕ್ಕೆ ಕಾಲಿಟ್ಟರೆ ಮೊದಲು ಕತ್ತಲೆ. ಕಣ್ಣು ಒಗ್ಗಿದ ಮೇಲೆ, ಕಡೆದ ಕಂಬಗಳ ಹೊಳಪು ತೋರುತ್ತದೆ, ಬಳಿಕ ಬಟ್ಟಲಿನಂತೆ ಮೇಲಕ್ಕೇರುವ ಭುವನೇಶ್ವರಿಗಳು. ಮುಂದೆ ದೀರ್ಘಕಾಲ ಹೊಯ್ಸಳ ಗುಡಿಗಳಲ್ಲಿ ಕೆಲಸ ಮಾಡಿದ ರೂವಾರಿ ಮಲ್ಲಿತಮ್ಮನ ವೃತ್ತಿಜೀವನದ ಆರಂಭ ಇಲ್ಲಿಯೇ ಆಯಿತೆಂದು ವಿದ್ವಾಂಸರು ಹೇಳುತ್ತಾರೆ. ಆದರೆ ಕಲ್ಲು ತಾನಾಗಿ ಚಲಿಸುವುದಿಲ್ಲ. ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು, ಯಾವಾಗ ಹೊರಡಬೇಕು ಎಂಬ ಸ್ವಾತಂತ್ರ್ಯ ನೋಡುವವನ ಕೈಯಲ್ಲಿಯೇ ಉಳಿಯುತ್ತದೆ. ಬೆಳಕಿನ ಕೋಣೆಯಲ್ಲಿ ಹೊತ್ತನ್ನು ಯಂತ್ರ ನಿಗದಿ ಮಾಡುತ್ತದೆ. ಒಂದು ಚಿತ್ರ ಮನಸ್ಸಿಗೆ ನಾಟುವಷ್ಟರಲ್ಲಿ ಅದು ಕರಗಿ ಇನ್ನೊಂದಾಗಿರುತ್ತದೆ.

ದೇವಾಲಯದ ಬಳಿಯ ದೊಡ್ಡ ಶಿಲಾಶಾಸನದ ಮುಂದೆ ಗೆಳೆಯರು ಹೆಚ್ಚು ಹೊತ್ತು ಕಳೆದುದು ಸಹಜವಾಗಿತ್ತು. ಈ ಶಿವಾಲಯದ ಶಾಸನದ ಪದ್ಯಗಳನ್ನು ರಚಿಸಿದವನು ಜೈನ ಕವಿ ಜನ್ನ. ಇದೇ ವೀರಬಲ್ಲಾಳನ ಮಂತ್ರಿ ಚಂದ್ರಮೌಳಿ ಶೈವನಾಗಿದ್ದು, ಅವನ ಪತ್ನಿ ಆಚಿಯಕ್ಕ 1181ರಲ್ಲಿ ಶ್ರವಣಬೆಳಗೊಳದ ಅಕ್ಕನ ಬಸದಿಯನ್ನು ಕಟ್ಟಿಸಿದಳು. ಆ ಕಾಲದ ಸಹಜೀವನಕ್ಕೆ ಈ ಎರಡು ನಿದರ್ಶನಗಳೇ ಸಾಕು. ಗೆಳೆಯರಲ್ಲಿ ಯಾರಿಗೂ ಹಳೆಯ ಲಿಪಿ ಓದಲು ಬರುತ್ತಿರಲಿಲ್ಲ. ಅಕ್ಷರಗಳ ಮೇಲೆ ಕಣ್ಣಾಡಿಸಿ, ಪರಿಚಿತವೆನಿಸಿದ ಒಂದೆರಡನ್ನು ಊಹಿಸಿ ಸುಮ್ಮನಾದರು. ಶಾಲೆಯಲ್ಲಿ ಜನ್ನನನ್ನು ಕಂಠಪಾಠ ಮಾಡಿದವರಿಗೆ ಅವನ ಪದ್ಯವನ್ನೇ ಕೆತ್ತಿದ ಕಲ್ಲನ್ನು ಓದಲಾಗಲಿಲ್ಲ.

ಜನ್ನನ ಹೆಸರು ಬಂದಮೇಲೆ ಅವನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯನ್ನು ಬಿಟ್ಟು ಮುಂದುವರಿಯುವಂತಿಲ್ಲ. ಪ್ರತಿಕೃತಿಯ ನೀತಿಯನ್ನು ಅಷ್ಟು ಆಳವಾಗಿ ವಿಚಾರಿಸಿದ ಕಾವ್ಯ ಕನ್ನಡದಲ್ಲಿ ವಿರಳ. ತಾಯಿಯ ಒತ್ತಾಯಕ್ಕೆ ಮಣಿದ ಯಶೋಧರ ಜೀವಂತ ಪ್ರಾಣಿಯನ್ನು ಬಲಿಕೊಡಲು ಒಪ್ಪದೆ ಹಿಟ್ಟಿನ ಕೋಳಿಯನ್ನು ಬಲಿಕೊಡುತ್ತಾನೆ. ಕತ್ತಿ ಬಿದ್ದಾಗ ಆ ಹಿಟ್ಟಿನ ಕೋಳಿ ಕೂಗುತ್ತದೆ. ಅದರ ಫಲವಾಗಿ ತಾಯಿಮಕ್ಕಳು ಪಶುಪಕ್ಷಿಗಳಾಗಿ ಜನ್ಮಜನ್ಮಾಂತರ ತೊಳಲುತ್ತಾರೆ. ‘ಬರಿಯ ಹಿಟ್ಟು ತಾನೆ’ ಎಂಬ ಸಮಾಧಾನ ಅವರನ್ನು ರಕ್ಷಿಸಲಿಲ್ಲ, ಏಕೆಂದರೆ ಸಂಕಲ್ಪ ನಿಜವಾಗಿತ್ತು. ‘ಬರಿಯ ಬೆಳಕು ತಾನೆ’ ಎಂದು ಪ್ರದರ್ಶನವನ್ನು ತಳ್ಳಿಹಾಕುವವರಿಗೂ, ‘ಬರಿಯ ಬೆಳಕು ತಾನೆ, ಇರಲಿ’ ಎಂದು ಒಪ್ಪಿಕೊಳ್ಳುವವರಿಗೂ ಇದೇ ಉತ್ತರ. ಪ್ರತಿಕೃತಿಯ ಎದುರು ಹುಟ್ಟುವ ಭಾವ ಪ್ರತಿಕೃತಿಯಲ್ಲ. ಇದೇ ತರ್ಕವನ್ನು ಬೆಳಕಿನ ಕೋಣೆಯ ಪರವಾಗಿಯೂ ಹೂಡಬಹುದು ಎಂಬುದನ್ನು ಒಪ್ಪಬೇಕು. ಹಿಟ್ಟಿನ ಕೋಳಿಯಿಂದ ಅಶುಭ ಬಂದರೆ, ಬೆಳಕಿನ ಜಿನಬಿಂಬದಿಂದ ಶುಭಭಾವ ಏಕೆ ಬರಬಾರದು? ಬರಬಹುದು. ಹಾಗಾದರೆ ಆ ಕೋಣೆ ನೋಡುವವನಿಂದ ಏನನ್ನು ಅಪೇಕ್ಷಿಸುತ್ತದೆ ಎಂಬುದೇ ಪ್ರಶ್ನೆಯಾಗಿ ಉಳಿಯುತ್ತದೆ.

ಪಂಚಕಲ್ಯಾಣದ ಪ್ರದರ್ಶನವನ್ನು ಯಾವುದೇ ತಂತ್ರಜ್ಞನಿಗೆ ಒಪ್ಪಿಸಿದರೆ ಅವನು ಮೊದಲು ಆರಿಸುವ ದೃಶ್ಯ ನೀಲಾಂಜನೆಯ ನೃತ್ಯವೇ ಇರಬೇಕು. ಪಂಪ 941ರಲ್ಲಿ ರಚಿಸಿದ ‘ಆದಿಪುರಾಣ’ದಿಂದ ಕನ್ನಡಿಗರಿಗೆಲ್ಲ ಪರಿಚಿತವಾದ ಪ್ರಸಂಗ ಅದು. ವೃಷಭನಾಥನಲ್ಲಿ ವೈರಾಗ್ಯ ಹುಟ್ಟಬೇಕೆಂದು ಇಂದ್ರ ಅವನ ಆಸ್ಥಾನದಲ್ಲಿ ದೇವನರ್ತಕಿಯ ನೃತ್ಯವನ್ನು ಏರ್ಪಡಿಸುತ್ತಾನೆ. ನರ್ತಿಸುತ್ತಿರುವಾಗಲೇ ನೀಲಾಂಜನೆಯ ಆಯುಷ್ಯ ತೀರಿ ಅವಳು ಮಾಯವಾಗುತ್ತಾಳೆ. ರಸಭಂಗವಾಗದಂತೆ ಇಂದ್ರ ಆ ಕ್ಷಣವೇ ಅವಳಂತೆಯೇ ಇರುವ ಇನ್ನೊಬ್ಬಳನ್ನು ಸೃಷ್ಟಿಸುತ್ತಾನೆ. ತಾಳ ತಪ್ಪುವುದಿಲ್ಲ, ರಂಗ ಬರಿದಾಗುವುದಿಲ್ಲ. ಸಭೆಯೆಲ್ಲ ಅದೇ ನರ್ತಕಿಯೆಂದು ಭಾವಿಸಿ ನೃತ್ಯದಲ್ಲಿ ಮುಳುಗಿರುತ್ತದೆ. ಆದಿದೇವನೊಬ್ಬನೇ ನಡುವಣ ಬಿರುಕನ್ನು ಕಾಣುತ್ತಾನೆ, ಕಂಡು ರಾಜ್ಯವನ್ನು ತೊರೆಯುತ್ತಾನೆ.

ಮುಳುಗಿಸುವ ಕಲೆಯ ಬಗ್ಗೆ ಜೈನ ಪರಂಪರೆ ಹೇಳಬೇಕಾದುದೆಲ್ಲ ಈ ಕಥೆಯಲ್ಲಿದೆ. ಇಂದ್ರನ ಏರ್ಪಾಟು ನಿರ್ದೋಷವಾದ ಪ್ರದರ್ಶನ. ಒಂದು ದೃಶ್ಯ ಇನ್ನೊಂದರಲ್ಲಿ ಸಂದು ಕಾಣದಂತೆ ಕೂಡಿಕೊಳ್ಳಬೇಕೆಂಬುದು ಅದರ ಗುರಿ, ಇಂದಿನ ಬೆಳಕಿನ ಕೋಣೆಯ ಗುರಿಯೂ ಅದೇ. ಆದರೆ ಕಥೆಯ ಜೀವ ಇರುವುದು ಆ ಸಂದನ್ನು ಕಂಡವನಲ್ಲಿ. ನಾಲ್ಕು ಗೋಡೆಗಳ ಮೇಲೆ ರೇಷ್ಮೆಯ ಸೆರಗುಗಳು ಹಾರಾಡಿ, ಗೆಜ್ಜೆಯ ಸದ್ದು ನೆಲದಿಂದ ಏಳುವಾಗ, ಒಬ್ಬ ನರ್ತಕಿ ಹೋಗಿ ಇನ್ನೊಬ್ಬಳು ಬಂದುದನ್ನು ನೋಡುವವರಲ್ಲಿ ಯಾರು ಗಮನಿಸಬೇಕು? ಗಮನಿಸದಿದ್ದರೆ ಅವರು ಆಸ್ಥಾನಿಕರ ಸಾಲಿನಲ್ಲಿ ಕುಳಿತು ಹಿಂದಿರುಗುತ್ತಾರೆ. ಗಮನಿಸಲೆಂದು ತಂತ್ರಜ್ಞ ದೀಪ ಆರಿಸಿ, ದುಃಖದ ಸ್ವರ ನುಡಿಸಿ, ದನಿಯೊಂದರಿಂದ ವಿವರಣೆ ಕೊಡಿಸಿದರೆ, ಕಾಣುವ ಕೆಲಸವನ್ನು ಯಂತ್ರವೇ ಮಾಡಿಕೊಟ್ಟಂತಾಯಿತು. ಪಂಪನ ಓದುಗನಿಗಾದರೋ ಇಂದ್ರನ ಉಪಾಯವೂ ಗೊತ್ತು, ಸಭೆಯ ಮರವೆಯೂ ಗೊತ್ತು, ಆದಿದೇವನ ಎಚ್ಚರವೂ ಗೊತ್ತು. ತಾನು ಯಾರ ಕಡೆ ಎಂದು ಅವನೇ ಕೇಳಿಕೊಳ್ಳಬೇಕಾಗುತ್ತದೆ. ಮಥುರೆಯ ಕಂಕಾಲಿ ದಿಬ್ಬದಲ್ಲಿ ದೊರೆತು ಈಗ ಲಖ್ನೋ ಸಂಗ್ರಹಾಲಯದಲ್ಲಿರುವ, ಎರಡು ಸಾವಿರ ವರ್ಷಗಳಷ್ಟು ಹಳೆಯ ಶಿಲಾಫಲಕವೊಂದನ್ನು ವಿದ್ವಾಂಸರು ಇದೇ ನೃತ್ಯವೆಂದು ಗುರುತಿಸಿದ್ದಾರೆ. ಕಲ್ಲಿನಲ್ಲಿ ನರ್ತಕಿ ಒಂದೇ ಭಂಗಿಯಲ್ಲಿ ನಿಂತಿದ್ದಾಳೆ. ಮುಂದಿನ ಕ್ಷಣವನ್ನು ತಿಳಿದವರೇ ತಂದುಕೊಳ್ಳಬೇಕು.

ಹಳ್ಳಿಗಳ ಪಂಚಕಲ್ಯಾಣ ಮಹೋತ್ಸವಗಳಲ್ಲಿ ಈ ಪ್ರಸಂಗವನ್ನು ಆಡಿ ತೋರಿಸುವ ರೂಢಿ ಇದೆ. ಊರಿನದೇ ಹುಡುಗಿ ಬಾಡಿಗೆಯ ಕಿರೀಟ ಧರಿಸಿ ಕುಣಿಯುತ್ತಾಳೆ, ನಡುವೆ ಕುಸಿಯುತ್ತಾಳೆ, ಪರದೆಯ ಮರೆಯಿಂದ ಇನ್ನೊಬ್ಬಳು ಬರುತ್ತಾಳೆ. ಇಬ್ಬರೂ ಯಾರ ಮನೆಯ ಮಕ್ಕಳೆಂದು ಎಲ್ಲರಿಗೂ ಗೊತ್ತು. ಕಿರೀಟ ಓರೆಯಾಗುವುದೂ, ಧ್ವನಿವರ್ಧಕ ಕೈಕೊಡುವುದೂ ಉಂಟು. ಕಲೆಯ ಅಳತೆಗೋಲಿನಲ್ಲಿ ಇದಕ್ಕೆ ಹೆಚ್ಚಿನ ಅಂಕ ಸಿಗದು. ಆದರೂ ಮೊದಲ ಹುಡುಗಿ ಕುಸಿದಾಗ ಮುಂದಿನ ಸಾಲಿನ ಮಕ್ಕಳು ಥಟ್ಟನೆ ಸುಮ್ಮನಾಗುವುದನ್ನು ಕಂಡವರು ಬಲ್ಲರು. ಅಲ್ಲಿ ಬಿರುಕು ಬಿರುಕಾಗಿಯೇ ಕಾಣುತ್ತದೆ.

ಬೆಳಕಿನ ಕೋಣೆಯ ಪರವಾದ ಅತ್ಯಂತ ಬಲವಾದ ವಾದ ಸಮವಸರಣದ್ದು. ದೇವತೆಗಳು ನಿರ್ಮಿಸಿದ, ಹನ್ನೆರಡು ಸಭೆಗಳಿಂದ ಕೂಡಿದ, ಸಕಲ ಜೀವಿಗಳನ್ನೂ ಒಳಗೊಳ್ಳುವ ಆ ಮಂಟಪ ಸುತ್ತುವರಿಯುವ ಕಲೆಯಲ್ಲದೆ ಮತ್ತೇನು ಎಂದು ಕೇಳುವವರಿದ್ದಾರೆ. ಪ್ರಶ್ನೆ ಸಮಂಜಸವಾದುದು. ಆದರೆ ಅಲ್ಲಿ ಒಳಹೋಗುವವನಿಗೆ ಮೊದಲು ಎದುರಾಗುವುದು ಮಾನಸ್ತಂಭ. ಇಂದ್ರಭೂತಿ ಗೌತಮನ ಪಾಂಡಿತ್ಯದ ಗರ್ವ ಕರಗಿದ್ದು ಅದರ ಎದುರಿನಲ್ಲಿ. ನಡುವೆ ಕುಳಿತ ಜಿನನು ಅಷ್ಟೆಲ್ಲ ವೈಭವದಲ್ಲಿ ಸಿಂಹಾಸನವನ್ನು ಕೂಡ ಸೋಂಕದೆ ನಾಲ್ಕು ಅಂಗುಲ ಮೇಲಿದ್ದಾನೆ. ವೈಭವ ಇಂದ್ರನದು, ಉಪದೇಶ ಜಿನನದು ಎಂಬ ಭೇದವನ್ನು ಪುರಾಣಕಾರರು ಎಲ್ಲಿಯೂ ಅಳಿಸಿಲ್ಲ. ಅಜ್ಮೀರದ ಸೋನಿಜೀ ನಸಿಯಾಂ ಬಸದಿಯಲ್ಲಿ 1895ರಲ್ಲಿ ದರ್ಶನಕ್ಕೆ ತೆರೆದ ಸುವರ್ಣನಗರಿ ಚಿನ್ನದ ಲೇಪದ ಅಯೋಧ್ಯೆಯನ್ನೂ ವೃಷಭನಾಥನ ಕಲ್ಯಾಣಗಳನ್ನೂ ತೋರಿಸುತ್ತದೆ. ಅಷ್ಟು ಚಿನ್ನ ತೊಡಗಿಸಿದ ಆ ದಾನಿಗಳೂ ನೋಡುವವನನ್ನು ಗಾಜಿನ ಹೊರಗೇ ನಿಲ್ಲಿಸಿದರು. ಶ್ರವಣಬೆಳಗೊಳದ ಮಠದ ಗೋಡೆಗಳಲ್ಲಿಯೂ ಪಾರ್ಶ್ವನಾಥನ ಸಮವಸರಣವಿದೆ. ಅಲ್ಲಿಯೇ ಆರು ಲೇಶ್ಯೆಗಳ ಮರದ ಚಿತ್ರವೂ ಇದೆ. ಹಣ್ಣಿನಾಸೆಯ ಆರು ಮಂದಿ ಸಹಚರರಲ್ಲಿ ಒಬ್ಬ ಮರವನ್ನೇ ಬುಡಸಹಿತ ಕಡಿಯಬೇಕೆನ್ನುತ್ತಾನೆ, ಕೊನೆಯವನು ತಾನಾಗಿ ಉದುರಿದ್ದು ಸಾಕೆನ್ನುತ್ತಾನೆ. ಆರೂ ಮನಸ್ಸುಗಳು ಒಂದೇ ಮರದ ಸುತ್ತ ಒಂದೇ ನೋಟಕ್ಕೆ ಸಿಗುತ್ತವೆ. ಅಮೃತಾಪುರಕ್ಕೆ ಹೋದವರೂ ಆರೇ ಮಂದಿ ಎಂಬುದು ಕಾಕತಾಳೀಯ.

ಇನ್ನು ಲೆಕ್ಕದ ಮಾತು. ಲೇಸರ್ ಪ್ರೊಜೆಕ್ಟರುಗಳ ಬಾಳಿಕೆಯನ್ನು ತಯಾರಕರು ಸಾಮಾನ್ಯವಾಗಿ 20,000 ಗಂಟೆಗಳೆಂದು ಹೇಳುತ್ತಾರೆ. ದಿನಕ್ಕೆ ಹತ್ತು ಗಂಟೆಯಂತೆ ನಡೆಸಿದರೆ ಐದೂವರೆ ವರ್ಷ. ಸವಕಳಿ ಬರೆದು ಬಲ್ಲವರಿಗೆ ಇದರ ಅರ್ಥ ವಿವರಿಸಬೇಕಾಗಿಲ್ಲ. ಆರನೆಯ ವರ್ಷ ಮತ್ತೆ ಅಷ್ಟೇ ದ್ರವ್ಯ ಬೇಕು. ಟಿಕೆಟ್ ಇಟ್ಟರೆ ಬಸದಿ ಪ್ರದರ್ಶನಾಲಯವಾಗುತ್ತದೆ, ಇಡದಿದ್ದರೆ ಮೂಲಧನ ಕರಗುತ್ತದೆ. ಬಯಲಿನಲ್ಲಿ ರಾತ್ರಿ ದೀಪಪ್ರದರ್ಶನ ನಡೆಸಬೇಕೆನ್ನುವವರು ಬೆಳಕಿಗೆ ಮುತ್ತಿ ಸಾಯುವ ಹುಳುಹುಪ್ಪಟೆಗಳನ್ನು ಯಾವ ಖಾತೆಗೆ ಬರೆಯುತ್ತಾರೋ ತಿಳಿಯದು. ಇದನ್ನು ಶಾಸ್ತ್ರದಾನವೆಂದು ಪರಿಗಣಿಸಬಹುದೆಂಬ ಸಮರ್ಥನೆಯೂ ಉಂಟು. ಶಾಸ್ತ್ರದಾನಕ್ಕೆ ಮೇಲ್ಪಂಕ್ತಿ ಅತ್ತಿಮಬ್ಬೆ. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಆಕೆ ಓಲೆಗರಿಯನ್ನು ಓದುವವನ ಕೈಗೆ ಕೊಟ್ಟಳು. ಅವನು ಒಂದು ಪದ್ಯದ ಮೇಲೆ ಒಂದು ದಿನ ನಿಲ್ಲಬಹುದಾಗಿತ್ತು.

ಕಡೂರಿನ ಕೋಟೆಯ ಕಂಬವೊಂದರ ಮೇಲಿನ ಶಾಸನವನ್ನೂ ಇಲ್ಲಿ ಹೇಳಬೇಕು. ಗಂಗ ಬೂತುಗನ ಅಕ್ಕ ಪಾಂಬಬ್ಬೆ ಕೇಶಲೋಚ ಮಾಡಿಕೊಂಡು, ಮೂವತ್ತು ವರ್ಷ ತಪಸ್ಸಿನಲ್ಲಿದ್ದು, ಪಂಚವ್ರತಗಳನ್ನು ಪಾಲಿಸಿ 971ರಲ್ಲಿ ದೇಹ ಬಿಟ್ಟಳೆಂದು ಅದು ತಿಳಿಸುತ್ತದೆ. ಆ ಮೂವತ್ತು ವರ್ಷಗಳಲ್ಲಿ ಗೋಡೆಯ ಮೇಲೆ ಹರಿಯಬಿಡಬಹುದಾದ ದೃಶ್ಯ ಒಂದೂ ಇಲ್ಲ. ಅರಮನೆಯ ದೃಶ್ಯ ಸೊಗಸಾಗಿ ಬಂದೀತು, ಕೇಶಲೋಚದ ದೃಶ್ಯ ಕರುಣಾಜನಕವಾಗಿ ಬಂದೀತು. ಉಳಿದದ್ದು ಒಂದರಂತೆಯೇ ಇರುವ ಹತ್ತು ಸಾವಿರಕ್ಕೂ ಮಿಕ್ಕ ದಿನಗಳು.

ಗೆಳೆಯರು ಬಿಸಿಲು ಇಳಿಯುವ ಮೊದಲೇ ಬುತ್ತಿ ಬಿಚ್ಚಿ ಉಂಡು ಹಿಂದಿರುಗಿದರು. ದಾರಿಯಲ್ಲಿ ಒಂದು ಯೋಜನೆ ರೂಪುಗೊಂಡಿತು. ಜನ್ನನ ಶಾಸನಪದ್ಯಗಳನ್ನು ಇಂದಿನ ಕನ್ನಡ ಲಿಪಿಯಲ್ಲಿ, ಅರ್ಥಸಹಿತ, ಹದಿನಾರು ಪುಟದ ಕಿರುಹೊತ್ತಗೆಯಾಗಿ ಅಚ್ಚುಹಾಕಿಸುವುದು. ಅದರ ಕೊನೆಗೆ 140 ಫಲಕಗಳ ಪಟ್ಟಿಯನ್ನು, ರಾಮಾಯಣವನ್ನು ಯಾವ ತುದಿಯಿಂದ ನೋಡಬೇಕೆಂಬ ಸೂಚನೆಯೊಂದಿಗೆ, ಸೇರಿಸುವುದು. ಮೂರು ಊರುಗಳ ಪ್ರೌಢಶಾಲೆಗಳ ಮಕ್ಕಳಿಗೆ ಜಾತಿಮತದ ಭೇದವಿಲ್ಲದೆ ಹಂಚಿ, ವರ್ಷಕ್ಕೊಮ್ಮೆ ಬಸ್ಸು ಮಾಡಿಸಿ ಕರೆದೊಯ್ಯುವುದು. ಮುಂಬಯಿಯ ಪ್ರದರ್ಶನವನ್ನು ಹೊಗಳುತ್ತಿದ್ದವರೇ ಕಾಗದದ ಖರ್ಚನ್ನು ವಹಿಸಿಕೊಂಡರು. ಆದರೆ ಮಕ್ಕಳಿಗೆ ಬೆಳಕಿನ ಕೋಣೆಯನ್ನೂ ಒಮ್ಮೆ ತೋರಿಸಬೇಕೆಂಬ ತಮ್ಮ ಹಟವನ್ನು ಅವರು ಬಿಡಲಿಲ್ಲ, ಉಳಿದವರೂ ಅದನ್ನು ವಿರೋಧಿಸಲಿಲ್ಲ. ಯಾವುದನ್ನು ಮೊದಲು ತೋರಿಸಬೇಕು ಎಂಬ ಚರ್ಚೆ ಬೀರೂರು ದಾಟುವವರೆಗೂ ನಡೆಯಿತು.